ಲ್ಯಾಮಿನೇಟ್ ನೆಲವನ್ನು ನಾನೇ ಹಾಸಿದ ಬಗೆ

ಲ್ಯಾಮಿನೇಟ್ ಹಲಗೆಯನ್ನು ನೆಲಕ್ಕೆ ಅಂಟಿಸುವುದಿಲ್ಲ, ಮೊಳೆ ಹೊಡೆಯುವುದೂ ಇಲ್ಲ. ಒಂದಕ್ಕೊಂದು ಸಿಕ್ಕಿಕೊಂಡ ಹಲಗೆಗಳೆಲ್ಲ ಚಾಪೆಯಂತೆ ಅಂಡರ್‌ಲೇ (ಹಲಗೆಯ ಅಡಿಗೆ ಹಾಸುವ ತೆಳುವಾದ ಮೆತ್ತನೆ ಹಾಳೆ) ಮೇಲೆ ಕೂತಿರುತ್ತವೆ. ಒಳಗಿರುವುದು ಒತ್ತಿದ ಮರದ ನಾರು. ತೇವಕ್ಕೆ ಹಿಗ್ಗುತ್ತದೆ, ಒಣಹವೆಗೆ ಕುಗ್ಗುತ್ತದೆ. ಈ ಹಿಗ್ಗು-ಕುಗ್ಗಿಗೆ ಜಾಗ ಬಿಡುವುದೇ ಕೆಲಸದ ಮುಕ್ಕಾಲು ಪಾಲು.

ಕೋಣೆಯ ವಿಸ್ತೀರ್ಣಕ್ಕಿಂತ ಶೇ. 10ರಷ್ಟು ಹೆಚ್ಚು ಹಲಗೆ ತಂದು, ಪೆಟ್ಟಿಗೆ ಒಡೆಯದೆ ಅದೇ ಕೋಣೆಯಲ್ಲಿ 48 ಗಂಟೆ ಮಲಗಿಸಿಟ್ಟೆ. ಗೋಡೆಗೆ ಒರಗಿಸಿಟ್ಟರೆ ಬಾಗುತ್ತವೆ.

ಹೆಚ್ಚು ಹೊತ್ತು ಹಿಡಿದದ್ದು ನೆಲ ಮಟ್ಟ ಮಾಡುವುದು. 2 ಮೀಟರ್ ಉದ್ದದ ಅಲ್ಯೂಮಿನಿಯಂ ಪಟ್ಟಿಯನ್ನು ಎಲ್ಲ ದಿಕ್ಕಿಗೂ ಇಟ್ಟು ನೋಡಿ, ಕೆಳಗೆ 3 ಮಿ.ಮೀ.ಗಿಂತ ಹೆಚ್ಚು ಸಂದು ಕಂಡಲ್ಲೆಲ್ಲ ಉಬ್ಬನ್ನು ಉಜ್ಜಿದೆ, ತಗ್ಗಿಗೆ ಲೆವೆಲಿಂಗ್ ಕಾಂಪೌಂಡ್ (ಹರಡಿ ಮಟ್ಟವಾಗಿ ಗಟ್ಟಿಯಾಗುವ ಗಾರೆ) ಸುರಿದೆ. ತಗ್ಗಿನ ಮೇಲಿನ ಹಲಗೆ ಪ್ರತಿ ಹೆಜ್ಜೆಗೂ ಬಗ್ಗುತ್ತದೆ. ಕೊನೆಗೆ ಅದರ ನಾಲಿಗೆ (ಪಕ್ಕದ ಹಲಗೆಗೆ ಸಿಕ್ಕಿಕೊಳ್ಳುವ ಚಾಚಿದ ಅಂಚು) ಮುರಿದು ಜೋಡಣೆ ಬಾಯಿ ಬಿಡುತ್ತದೆ. ದಪ್ಪ ಅಂಡರ್‌ಲೇ ಹಾಕಿದರೆ ತಗ್ಗು ಮುಚ್ಚುತ್ತದೆ ಎಂದು ಹಲವರು ನಂಬುತ್ತಾರೆ, ಅದು ತಪ್ಪು. ಮೆತ್ತಗಿದ್ದಷ್ಟೂ ಬಗ್ಗುವುದು ಹೆಚ್ಚು. 2-3 ಮಿ.ಮೀ. ಸಾಕು, ಎರಡು ಪದರ ಬೇಡವೇ ಬೇಡ. ಕಾಂಕ್ರೀಟ್ ನೆಲವಾದ್ದರಿಂದ, ತೇವ ಮೇಲೇರದಂತೆ ಅಂಡರ್‌ಲೇ ಅಡಿಗೆ 0.2 ಮಿ.ಮೀ. ಪಾಲಿಥಿನ್ ಹಾಳೆ ಹರಡಿ, 20 ಸೆಂ.ಮೀ. ಒಂದರ ಮೇಲೊಂದು ಬರುವಂತೆ ಟೇಪ್ ಹಚ್ಚಿದೆ.

ಮೊದಲ ಹಲಗೆ ಇಡುವ ಮುಂಚೆಯೇ ಕೊನೆಯ ಸಾಲಿನ ಲೆಕ್ಕ ಹಾಕಬೇಕು. ಕೋಣೆಯ ಅಗಲ 2940 ಮಿ.ಮೀ., ಎರಡೂ ಗೋಡೆಯ ಬಳಿ 10 ಮಿ.ಮೀ. ಸಂದು ಕಳೆದರೆ 2920. ಹಲಗೆಯ ಅಗಲ 193. 15 ಸಾಲಿಗೆ 2895 ಆಗಿ, ಉಳಿಯುವುದು ಬರೀ 25 ಮಿ.ಮೀ. ಅಷ್ಟು ಸಣ್ಣ ಪಟ್ಟಿ ನಿಲ್ಲುವುದಿಲ್ಲ. ಆದ್ದರಿಂದ 193 ಮತ್ತು 25 ಕೂಡಿಸಿ ಅರ್ಧ ಮಾಡಿ, ಮೊದಲ ಮತ್ತು ಕೊನೆಯ ಸಾಲನ್ನು 109 ಮಿ.ಮೀ.ಗೆ ಸೀಳಿದೆ. ನಡುವೆ 14 ಪೂರ್ತಿ ಸಾಲು.

ಮೊದಲ ಸಾಲಿನಲ್ಲಿ ಗೋಡೆಯ ಕಡೆಯ ನಾಲಿಗೆಯನ್ನು ಕತ್ತರಿಸಿ, ಗೋಡೆಯ ಬಳಿಯ ಸಂದು ಉಳಿಸುವ ಸ್ಪೇಸರ್ ತುಂಡುಗಳನ್ನು ಇಟ್ಟೆ. ಈ ಸಾಲು ದಾರ ಹಿಡಿದಂತೆ ನೇರವಿರಲಿ. ಇಲ್ಲಿ ಸೊಟ್ಟಗಾದರೆ ಮುಂದೆ ಯಾವ ಸಾಲೂ ಕೂರದು. ಅಕ್ಕಪಕ್ಕದ ಸಾಲುಗಳ ತುದಿ ಜೋಡಣೆಗಳ ನಡುವೆ ಕನಿಷ್ಠ 30 ಸೆಂ.ಮೀ. ಅಂತರ ಬೇಕು. ಸುತ್ತಿಗೆಯನ್ನು ನೇರ ಹಲಗೆಗೆ ಬಡಿಯದೆ ಟ್ಯಾಪಿಂಗ್ ಬ್ಲಾಕ್ (ಪೆಟ್ಟು ತಡೆಯುವ ದಿಮ್ಮಿ) ಇಟ್ಟು ತಟ್ಟಬೇಕು. ಗೋಡೆಯಂಚಿನಲ್ಲಿ ಸುತ್ತಿಗೆ ಹಿಡಿಸದ ಕಡೆ ಪುಲ್ ಬಾರ್, ಅಂದರೆ ಹಲಗೆಯ ಅಂಚಿಗೆ ಸಿಕ್ಕಿಸಿ ಎಳೆಯುವಂತೆ ತಟ್ಟುವ ಕೊಕ್ಕೆ ಪಟ್ಟಿ. ಜಿಗ್‌ಸಾ (ಬ್ಲೇಡು ಮೇಲೆ-ಕೆಳಗೆ ಆಡುವ ವಿದ್ಯುತ್ ಗರಗಸ) ಯಂತ್ರದ ಸಾಮಾನ್ಯ ಬ್ಲೇಡಿನಿಂದ ಕೊಯ್ಯುವಾಗ ಹಲಗೆಯನ್ನು ಬೋರಲು ಹಾಕಿದೆ. ಹಲ್ಲು ಮೇಲ್ಮುಖವಾಗಿ ಕಡಿಯುವುದರಿಂದ ಚೂರು ಏಳುವುದು ಕಾಣದ ಬದಿಯಲ್ಲಿ.

ಬಾಗಿಲ ಚೌಕಟ್ಟಿನ ಸುತ್ತ ಹಲಗೆಯನ್ನು ಕೊರೆಯುವ ಬದಲು, ಅಂಡರ್‌ಲೇ ತುಂಡಿನ ಮೇಲೆ ಹಲಗೆ ತುಂಡು ಇಟ್ಟು ಆ ಎತ್ತರಕ್ಕೆ ಚೌಕಟ್ಟಿನ ಬುಡವನ್ನೇ ಗರಗಸದಿಂದ ಕೊಯ್ದು ಹಲಗೆ ಒಳಗೆ ತೂರಿಸಿದೆ. ಪೈಪಿನ ತೂತು ಪೈಪಿಗಿಂತ 20 ಮಿ.ಮೀ. ದೊಡ್ಡದು. ಗೋಡೆಯ ಬುಡದಲ್ಲಿ ಸಂದು ಮುಚ್ಚುವ ಪಟ್ಟಿಯಾದ ಸ್ಕರ್ಟಿಂಗನ್ನು ಗೋಡೆಗೆ ಮಾತ್ರ ಬಿಗಿದೆ. ಡೋರ್ ಸ್ಟಾಪರ್‌ನ ಒಂದೇ ಸ್ಕ್ರೂ ಹಲಗೆಯನ್ನು ದಾಟಿ ಕಾಂಕ್ರೀಟ್ ಹಿಡಿದರೂ ಆ ಜಾಗದಲ್ಲಿ ನೆಲ ಸರಿಯಲಾರದು. ಅದನ್ನೂ ಗೋಡೆಗೇ ಹಾಕಿದೆ.

ಮುಂದೆಂದಾದರೂ ನಡುವೆ ನೆಲ ಉಬ್ಬಿದರೆ, ಹಲಗೆ ಬಿಚ್ಚಲು ಹೋಗಬೇಡಿ. ಮೊದಲು ಸ್ಕರ್ಟಿಂಗ್ ತೆಗೆದು ಹಲಗೆ ಎಲ್ಲಿ ಗೋಡೆಗೆ ತಾಗಿದೆ ಎಂದು ಹುಡುಕಿ, ಅಲ್ಲಿ 10 ಮಿ.ಮೀ. ಕೊಯ್ದು ಕೆಲವು ದಿನ ಬಿಡಿ. ಸೋರಿಕೆಯ ನೀರು ಕುಡಿದು ಉಬ್ಬಿದ್ದಲ್ಲವಾದರೆ ಸಾಮಾನ್ಯವಾಗಿ ತಾನೇ ಇಳಿಯುತ್ತದೆ.