ಪಿಸ್ತೂಲಿನ ರೆಡ್ ಡಾಟ್ ಝೀರೋ ಮಾಡುವುದು ಹೇಗೆ: ಮೊದಲ ಸಲ ಮಾಡುವವರಿಗೆ

ಒಂದು ಗುಂಡು ಹೊಡೆಯುವುದು, ತೂತು ಎಡಕ್ಕೆ ಬಿತ್ತೆಂದು ಸ್ಕ್ರೂ ತಿರುಗಿಸುವುದು, ಮುಂದಿನದು ಬಲಕ್ಕೆ ಬಿತ್ತೆಂದು ಮತ್ತೆ ವಾಪಸ್ ತಿರುಗಿಸುವುದು. ಹೊಸದಾಗಿ ರೆಡ್ ಡಾಟ್ (ಗಾಜಿನಲ್ಲಿ ಗುರಿಯ ಚುಕ್ಕೆ ತೋರಿಸುವ ಸೈಟು) ಹಾಕಿಕೊಂಡವರು ರೇಂಜಿನಲ್ಲಿ ಐವತ್ತು ಗುಂಡಿನ ಡಬ್ಬಿ ಖಾಲಿ ಮಾಡುವುದು ಹೀಗೆಯೇ. ಕೊನೆಗೆ ಬೈಸಿಕೊಳ್ಳುವುದು ಸೈಟು. ಆದರೆ ಬಹಳ ಸಲ ತಪ್ಪಿರುವುದು ಸಡಿಲವಾದ ಸ್ಕ್ರೂನಲ್ಲಿ, ಇಲ್ಲವೇ ಟ್ರಿಗರ್ ಎಳೆಯುವ ಬೆರಳಿನಲ್ಲಿ. ಝೀರೋ ಮಾಡುವುದೆಂದರೆ ಚುಕ್ಕೆ ಇಟ್ಟ ಜಾಗಕ್ಕೇ ಗುಂಡು ಬೀಳುವಂತೆ ಸೈಟನ್ನು ಹೊಂದಿಸುವುದು. ಅದರಲ್ಲಿ ಕ್ಲಿಕ್ (ಹೊಂದಿಕೆಯ ಸ್ಕ್ರೂವಿನ ಒಂದೊಂದು ಹೆಜ್ಜೆ) ತಿರುಗಿಸುವುದು ಐದು ನಿಮಿಷದ ಕೆಲಸ. ಅದಕ್ಕೆ ಮುಂಚಿನ ತಯಾರಿಯೇ ಹೆಚ್ಚು.

ಅಮೆರಿಕದಲ್ಲಿರುವ ನಮ್ಮವರು ಮೊದಲು ಕಾನೂನು ನೋಡಿಕೊಳ್ಳಬೇಕು. ಎಚ್-1ಬಿ, ಎಫ್-1ನಂಥ ತಾತ್ಕಾಲಿಕ ವೀಸಾದ ಮೇಲೆ ಬಂದವರು ಬಂದೂಕಾಗಲಿ ಗುಂಡಾಗಲಿ ಇಟ್ಟುಕೊಳ್ಳುವುದನ್ನು ಅಲ್ಲಿನ ಫೆಡರಲ್ ಕಾನೂನು ನಿಷೇಧಿಸುತ್ತದೆ. ರೇಂಜಿನಲ್ಲಿ ಬಾಡಿಗೆಗೆ ಪಡೆದು ಹೊಡೆಯುವುದೂ ಇದರೊಳಗೇ ಬರುತ್ತದೆ. ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಉಂಟು. ಗ್ರೀನ್ ಕಾರ್ಡ್ ಇದ್ದವರಿಗೆ ಈ ತಡೆ ಇಲ್ಲ. ಆಯಾ ರಾಜ್ಯದ ನಿಯಮ ಬೇರೆಯೇ ಇರುತ್ತದೆ, ಅದನ್ನೂ ಓದಿಕೊಳ್ಳಿ.

ಇಲ್ಲಿ ಲೆಕ್ಕಕ್ಕೆ ತೆಗೆದುಕೊಂಡಿರುವುದು 9 ಎಂಎಂ ಪಿಸ್ತೂಲು ಮತ್ತು ಅದರ ಸ್ಲೈಡಿನ (ಹಿಂದೆ-ಮುಂದೆ ಸರಿಯುವ ಮೇಲ್ಭಾಗದ) ಮೇಲೆ ಕೂರುವ ಸಣ್ಣ ಸೈಟು: ಟ್ರಿಜಿಕಾನ್ ಆರ್‌ಎಂಆರ್ ಟೈಪ್ 2, ಹೋಲೋಸನ್ 507ಸಿ ಮಾದರಿಯವು.

ಮೊದಲು ಗಟ್ಟಿಯಾಗಿ ಕೂರಿಸಿ

ಮ್ಯಾಗಜೀನ್ ತೆಗೆಯಿರಿ, ಸ್ಲೈಡ್ ಹಿಂದಕ್ಕೆಳೆದು ಲಾಕ್ ಮಾಡಿ, ಚೇಂಬರನ್ನು ಕಣ್ಣಲ್ಲಿ ನೋಡಿ, ಬೆರಳಲ್ಲಿ ಮುಟ್ಟಿಯೂ ನೋಡಿ. ಗುಂಡುಗಳು ಆ ಕೋಣೆಯಲ್ಲೇ ಬೇಡ.

ಸ್ಕ್ರೂ ತೂತು ಮತ್ತು ಸ್ಕ್ರೂಗಳ ಎಣ್ಣೆಯನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಿ. ಎಣ್ಣೆ ಉಳಿದರೆ ಥ್ರೆಡ್ ಲಾಕರ್ (ಸ್ಕ್ರೂ ಸಡಿಲವಾಗದಂತೆ ಹಾಕುವ ಲಾಕ್‌ಟೈಟ್‌ನಂಥ ಅಂಟು) ಹಿಡಿಯುವುದಿಲ್ಲ. ನೀಲಿ ಲಾಕ್‌ಟೈಟ್ ಸೂಜಿಮೊನೆಯಷ್ಟು ಸಾಕು. ಕೆಂಪು ಹಾಕಿದರೆ ಮುಂದೆ ಬಿಚ್ಚುವಾಗ ಸ್ಕ್ರೂ ತಲೆಯೇ ಹಾಳಾಗುತ್ತದೆ. ಟಾರ್ಕ್ ಡ್ರೈವರಿನಲ್ಲಿ (ಬಿಗಿತ ಅಳೆದು ತಿರುಗಿಸುವ ಸ್ಕ್ರೂಡ್ರೈವರ್) ಎರಡೂ ಸ್ಕ್ರೂಗಳನ್ನು ಸ್ವಲ್ಪ ಸ್ವಲ್ಪವಾಗಿ, ಒಂದಾದ ಮೇಲೊಂದು ಬಿಗಿಯುತ್ತಾ ಬನ್ನಿ. ಎಷ್ಟು ಬಿಗಿಯಬೇಕೆಂದು ಸೈಟಿನ ಕೈಪಿಡಿಯಲ್ಲಿದೆ. ಸಾಮಾನ್ಯವಾಗಿ 12ರಿಂದ 15 ಇಂಚ್-ಪೌಂಡ್. ಕೈ ಅಂದಾಜಿನಲ್ಲಿ ಬಿಗಿಯುವವರೇ ಹೆಚ್ಚಾಗಿ ಸ್ಕ್ರೂ ಮುರಿದುಕೊಳ್ಳುವುದು.

ಸ್ಕ್ರೂ ಉದ್ದವನ್ನೂ ಗಮನಿಸಿ. ಗ್ಲಾಕ್ ಎಂಒಎಸ್ (ಸೈಟು ಕೂರಿಸಲೆಂದೇ ಸ್ಲೈಡ್ ಕೊರೆದ) ಪಿಸ್ತೂಲುಗಳಲ್ಲಿ ಬಲಬದಿಯ ಸ್ಕ್ರೂ ಉದ್ದವಾದರೆ ಅದು ಕೆಳಗಿನ ಎಕ್ಸ್‌ಟ್ರಾಕ್ಟರ್ ಪ್ಲಂಜರಿಗೆ (ಖಾಲಿ ಕೇಸು ಎಳೆಯುವ ಕೊಕ್ಕೆಯನ್ನು ಒತ್ತುವ ಕಡ್ಡಿ) ತಾಗುತ್ತದೆ, ಖಾಲಿ ಕೇಸು ಸರಿಯಾಗಿ ಹೊರಬೀಳುವುದಿಲ್ಲ. ಹೊಸ ಸೈಟು ಹಾಕಿದ ಮೇಲೆ ಪಿಸ್ತೂಲು ಜಾಮ್ ಆಗತೊಡಗಿದರೆ ಮೊದಲು ಈ ಸ್ಕ್ರೂ ನೋಡಿ.

ಬಿಗಿದಾದ ಮೇಲೆ ಸ್ಕ್ರೂ ತಲೆಯಿಂದ ಸೈಟಿನ ಮೈವರೆಗೆ ಪೇಂಟ್ ಪೆನ್ನಿನಲ್ಲಿ ಒಂದು ಸಣ್ಣ ಗೆರೆ ಎಳೆಯಿರಿ. ಸ್ಕ್ರೂ ಸ್ವಲ್ಪ ಸಡಿಲವಾದರೂ ಗೆರೆ ತುಂಡಾಗಿ ಕಾಣುತ್ತದೆ. ಲಾಕ್‌ಟೈಟ್ ಪೂರ್ತಿ ಒಣಗಲು 24 ಗಂಟೆ ಬಿಡಿ.

ಮನೆಯಲ್ಲೇ ಒರಟು ಹೊಂದಿಕೆ

ಪಿಸ್ತೂಲಿನ ಕಬ್ಬಿಣದ ಸೈಟುಗಳು ಗಾಜಿನ ಮೂಲಕ ಕಾಣುವಷ್ಟು ಎತ್ತರವಿದ್ದರೆ, ಖಾಲಿ ಪಿಸ್ತೂಲನ್ನು ಸುರಕ್ಷಿತ ದಿಕ್ಕಿಗೆ ಹಿಡಿದು ಅವೆರಡನ್ನೂ ಸರಿಯಾಗಿ ಜೋಡಿಸಿ. ಚುಕ್ಕೆ ಮುಂದಿನ ಸೈಟಿನ ನೆತ್ತಿಯ ಮೇಲೆ ಕೂರುವವರೆಗೆ ಹೊಂದಿಕೆಯ ಸ್ಕ್ರೂ ತಿರುಗಿಸಿ. ಇದು ಝೀರೋ ಅಲ್ಲ, ಮೊದಲ ಗುಂಡು ಕಾಗದದ ಮೇಲೆ ಬೀಳಲಿ ಎಂಬುದಕ್ಕೆ ಅಷ್ಟೆ. ಕಬ್ಬಿಣದ ಸೈಟೇ ಓರೆಯಿದ್ದರೆ ಚುಕ್ಕೆಯೂ ಓರೆಯಾಗುತ್ತದೆ. ಲೇಸರ್ ಬೋರ್‌ಸೈಟ್ (ನಳಿಗೆಯಲ್ಲಿಟ್ಟು ಅದರ ದಿಕ್ಕನ್ನು ಬೆಳಕಿನ ಚುಕ್ಕೆಯಲ್ಲಿ ತೋರಿಸುವ ಸಾಧನ) ಬಳಸುವುದಾದರೆ ಗುಂಡು ತುಂಬುವ ಮೊದಲು ಅದನ್ನು ನಳಿಗೆಯಿಂದ ತೆಗೆದಿದ್ದೀರೆಂದು ಎರಡು ಸಲ ನೋಡಿ.

ಯಾವ ದೂರಕ್ಕೆ?

ಸೈಟು ನಳಿಗೆಗಿಂತ ಹೆಚ್ಚುಕಡಿಮೆ ಒಂದು ಇಂಚು ಮೇಲಿರುತ್ತದೆ. ಹಾಗಾಗಿ ಒಂದೇ ಹೊಂದಿಕೆಯಲ್ಲಿ ಎಲ್ಲ ದೂರಕ್ಕೂ ಗುಂಡು ಚುಕ್ಕೆಯ ಮೇಲೇ ಬೀಳುವುದಿಲ್ಲ. ಸಾಮಾನ್ಯ 9 ಎಂಎಂ ಗುಂಡನ್ನು 25 ಗಜಕ್ಕೆ ಝೀರೋ ಮಾಡಿದರೆ 7 ಗಜದಲ್ಲಿ ಸುಮಾರು ಅರ್ಧ ಇಂಚು ಕೆಳಗೆ, 15 ಗಜದಲ್ಲಿ ಕೂದಲೆಳೆಯಷ್ಟು ಕೆಳಗೆ, 50 ಗಜದಲ್ಲಿ ಸುಮಾರು ಒಂದು ಇಂಚು ಕೆಳಗೆ ಬೀಳುತ್ತದೆ. 10 ಗಜಕ್ಕೆ ಮಾಡಿದರೆ 25 ಗಜದಲ್ಲಿ ಸುಮಾರು ಒಂದು ಇಂಚು ಮೇಲೆ. ಎರಡೂ ತಪ್ಪಲ್ಲ, ಆದರೆ 25 ಗಜದ್ದೇ ಮೇಲು: ಹತ್ತಿರದಲ್ಲಿ ಕಾಣದ ಪಕ್ಕದ ವ್ಯತ್ಯಾಸ ದೂರದಲ್ಲಿ ಕಾಣುತ್ತದೆ. ಆದರೂ ಶುರು ಮಾಡಬೇಕಾದ್ದು 10 ಗಜದಲ್ಲಿ. ಅಲ್ಲೇ ಐದು ಗುಂಡು ನಾಲ್ಕು ಇಂಚಿಗೆ ಹರಡುತ್ತಿದ್ದರೆ 25 ಗಜಕ್ಕೆ ಹೋಗಿ ಪ್ರಯೋಜನವಿಲ್ಲ. ಮೊದಲು ಟ್ರಿಗರ್ ಅಭ್ಯಾಸ ಆಗಲಿ.

ರೇಂಜಿನಲ್ಲಿ

ಕಣ್ಣಿಗೆ ಕನ್ನಡಕ, ಕಿವಿಗೆ ರಕ್ಷಣೆ. ಬೆಂಚಿನ ಮೇಲೆ ಮರಳು ಚೀಲವಿಟ್ಟು ಅದರ ಮೇಲೆ ಕೈ ಮತ್ತು ಮಣಿಕಟ್ಟು ಊರಿ. ನಳಿಗೆಯನ್ನಾಗಲಿ ಸ್ಲೈಡನ್ನಾಗಲಿ ಚೀಲಕ್ಕೆ ಒತ್ತಿ ಹಿಡಿದರೆ ಗುಂಡು ಬೇರೆ ಕಡೆ ಬೀಳುತ್ತದೆ. ಚುಕ್ಕೆಯ ಬೆಳಕನ್ನು ಸ್ಪಷ್ಟವಾಗಿ ಕಾಣುವಷ್ಟಕ್ಕೆ ಇಳಿಸಿ. ಜಾಸ್ತಿ ಇದ್ದರೆ ಚುಕ್ಕೆ ಉಬ್ಬಿ ಗುರಿಯನ್ನೇ ಮುಚ್ಚುತ್ತದೆ. ನೋಟ ಗುರಿಯ ಮೇಲಿರಲಿ, ಚುಕ್ಕೆಯ ಮೇಲಲ್ಲ. ಚುಕ್ಕೆಯನ್ನು ಗಾಜಿನ ನಡುವೆ ಇಟ್ಟುಕೊಳ್ಳಿ, ಅಂಚಿಗೆ ಸರಿದರೆ ಪ್ಯಾರಲ್ಯಾಕ್ಸಿನಿಂದ (ಓರೆಯಾಗಿ ನೋಡಿದಾಗ ಚುಕ್ಕೆ ಸರಿದಂತೆ ಕಾಣುವುದು) ಗುಂಡು ಸ್ವಲ್ಪ ಸರಿಯಬಹುದು.

ಒಂದೇ ಬ್ರ್ಯಾಂಡಿನ, ಒಂದೇ ತೂಕದ ಗುಂಡು ಬಳಸಿ. ನಿಧಾನವಾಗಿ ಐದು ಹೊಡೆಯಿರಿ. ನಡುವೆ ಸ್ಕ್ರೂ ಮುಟ್ಟಬೇಡಿ, ಗುರಿಯ ಜಾಗ ಬದಲಿಸಬೇಡಿ. ಟ್ರಿಗರ್ ಎಳೆಯುವಾಗಲೇ ಕೈ ಜರ್ಕ್ ಆಗಿದ್ದು ಗೊತ್ತಾದರೆ ಆ ಒಂದು ತೂತನ್ನು ಲೆಕ್ಕಕ್ಕೆ ಬಿಟ್ಟುಬಿಡಿ. ಉಳಿದ ತೂತುಗಳ ನಡುಭಾಗ ಗುರುತಿಸಿ, ಅಲ್ಲಿಂದ ಗುರಿಯ ನಡುವಿಗೆ ಎಷ್ಟು ದೂರ ಎಂದು ಅಳೆಯಿರಿ.

ಈಗ ಲೆಕ್ಕ. ಈ ಸೈಟುಗಳಲ್ಲಿ ಒಂದು ಕ್ಲಿಕ್ ಎಂದರೆ 1 ಎಂಒಎ (ಕೋನದ ಒಂದು ಅಳತೆ), ಅಂದರೆ 100 ಗಜದಲ್ಲಿ ಸುಮಾರು ಒಂದು ಇಂಚು. 25 ಗಜದಲ್ಲಿ ಅದು ಕಾಲು ಇಂಚು, 10 ಗಜದಲ್ಲಿ ಇಂಚಿನ ಹತ್ತನೇ ಒಂದು ಭಾಗ. 10 ಗಜದಲ್ಲಿ ಗುಂಡುಗಳು ಒಂದೂವರೆ ಇಂಚು ಕೆಳಗೆ, ಒಂದು ಇಂಚು ಎಡಕ್ಕೆ ಬಿದ್ದಿವೆ ಅನ್ನಿ: ಮೇಲಕ್ಕೆ 15 ಕ್ಲಿಕ್, ಬಲಕ್ಕೆ 10 ಕ್ಲಿಕ್. ಅಷ್ಟೇ ವ್ಯತ್ಯಾಸ 25 ಗಜದಲ್ಲಿ ಬಂದಿದ್ದರೆ 6 ಮತ್ತು 4 ಕ್ಲಿಕ್ ಸಾಕು. ಬೇರೆ ಸೈಟಾದರೆ ಒಂದು ಕ್ಲಿಕ್ಕಿಗೆ ಎಷ್ಟೆಂದು ಕೈಪಿಡಿ ನೋಡಿ.

ಗಲಿಬಿಲಿಯಾಗುವುದು ದಿಕ್ಕಿನಲ್ಲಿ. ಸ್ಕ್ರೂ ಪಕ್ಕದ ಬಾಣ ತೋರಿಸುವುದು ಗುಂಡು ಬೀಳುವ ಜಾಗ ಯಾವ ಕಡೆ ಸರಿಯುತ್ತದೆ ಎಂಬುದನ್ನು, ಚುಕ್ಕೆ ಸರಿಯುವ ದಿಕ್ಕನ್ನಲ್ಲ. ಮೇಲಿನ ಬಾಣದ ಕಡೆ ತಿರುಗಿಸಿದರೆ ಗಾಜಿನಲ್ಲಿ ಚುಕ್ಕೆ ಕೆಳಗಿಳಿಯುತ್ತದೆ. ಅದನ್ನು ಗುರಿಗೆ ತರಲು ನೀವು ನಳಿಗೆ ಎತ್ತುತ್ತೀರಿ, ಗುಂಡು ಮೇಲೆ ಬೀಳುತ್ತದೆ. ಚುಕ್ಕೆ ಬಾಣದ ವಿರುದ್ಧ ದಿಕ್ಕಿಗೆ ಹೋಯಿತೆಂದು ಗಾಬರಿಯಾಗಿ ಉಲ್ಟಾ ತಿರುಗಿಸಬೇಡಿ.

ಸ್ಕ್ರೂ ತಿರುಗಿಸುವಾಗ ಮ್ಯಾಗಜೀನ್ ಹೊರಗೆ, ಸ್ಲೈಡ್ ತೆರೆದು, ನಳಿಗೆ ಟಾರ್ಗೆಟ್ ಕಡೆಗೆ. ಟಾರ್ಗೆಟ್ ಬದಲಿಸಲು ಜನ ಮುಂದೆ ಹೋಗಿರುವಾಗ ಒಂದು ಕ್ಲಿಕ್ಕಿಗೂ ಪಿಸ್ತೂಲು ಮುಟ್ಟುವಂತಿಲ್ಲ.

ಮತ್ತೆ ಐದು ಹೊಡೆದು ನೋಡಿ. 10 ಗಜದಲ್ಲಿ ಗುರಿಯ ನಡುವಿಗೆ ಬಂದರೆ 25 ಗಜಕ್ಕೆ ಹೋಗಿ, ಅದೇ ಕ್ರಮ. ಅಲ್ಲಿ ಒಂದು ಕ್ಲಿಕ್ಕಿನ ವ್ಯತ್ಯಾಸಕ್ಕೆ ತಲೆಕೆಡಿಸಿಕೊಳ್ಳಬೇಡಿ: 3.25 ಎಂಒಎ ಚುಕ್ಕೆಯೇ ಆ ದೂರದಲ್ಲಿ ಮುಕ್ಕಾಲು ಇಂಚಿಗಿಂತ ಹೆಚ್ಚು ಜಾಗ ಮುಚ್ಚಿರುತ್ತದೆ.

ಸರಿಹೋಗದಿದ್ದರೆ

ಬಲಗೈಯವರ ಗುಂಡು ಪ್ರತಿ ಸಲ ಎಡಕ್ಕೆ, ಕೆಳಕ್ಕೆ ಹರಡಿ ಬೀಳುತ್ತಿದ್ದರೆ ಸೈಟನ್ನು ಅನುಮಾನಿಸುವ ಮೊದಲು ಕೈಯನ್ನು ಅನುಮಾನಿಸಿ. ಸದ್ದಿಗೆ ಮುಂಚೆಯೇ ಮಣಿಕಟ್ಟು ಕೆಳಕ್ಕೆ ಒತ್ತುತ್ತದೆ. ಜೊತೆಯವರಿಂದ ಮ್ಯಾಗಜೀನಿನಲ್ಲಿ ಒಂದೆರಡು ಡಮ್ಮಿ (ಮದ್ದಿಲ್ಲದ, ಸಿಡಿಯದ) ಗುಂಡು ಸೇರಿಸಿ ತುಂಬಿಸಿಕೊಳ್ಳಿ. ಡಮ್ಮಿ ಬಂದಾಗ ಚುಕ್ಕೆ ಕೆಳಕ್ಕೆ ಹಾರಿದರೆ ವಿಷಯ ಅಲ್ಲಿಗೆ ಸ್ಪಷ್ಟ. ಈ ತಪ್ಪನ್ನು ಕ್ಲಿಕ್ಕಿನಲ್ಲಿ ಸರಿಪಡಿಸಿದರೆ, ಚೆನ್ನಾಗಿ ಹೊಡೆದ ದಿನ ಗುಂಡು ಬಲಕ್ಕೆ, ಮೇಲಕ್ಕೆ ಹೋಗುತ್ತದೆ.

ಹೊಂದಿಸಿದ ಝೀರೋ ಹತ್ತಾರು ಗುಂಡಿನೊಳಗೆ ಅಲೆದಾಡಿದರೆ ಪೇಂಟಿನ ಗೆರೆ ನೋಡಿ: ಸ್ಕ್ರೂ ಅಥವಾ ಸೈಟು ಮತ್ತು ಸ್ಲೈಡಿನ ನಡುವಿನ ಪ್ಲೇಟು ಸಡಿಲ. ಚುಕ್ಕೆ ಬಾಲ ಬಿಟ್ಟ ಹಾಗೆ, ಚದುರಿದ ಹಾಗೆ ಕಂಡರೆ ಫೋನ್ ಕ್ಯಾಮೆರಾದಲ್ಲಿ ನೋಡಿ. ಅಲ್ಲಿ ದುಂಡಗಿದ್ದರೆ ದೋಷ ಕಣ್ಣಿನದು, ಬಹುತೇಕ ಅಸ್ಟಿಗ್ಮ್ಯಾಟಿಸಂ (ಕಣ್ಣಿನ ಮೇಲ್ಮೈ ಸಮವಾಗಿ ದುಂಡಗಿಲ್ಲದಿರುವುದು). ಸರಿಯಾದ ಕನ್ನಡಕದಲ್ಲಿ ಕಡಿಮೆಯಾಗುತ್ತದೆ.

ಬ್ಯಾಟರಿ ವಿಚಾರ: 507ಸಿಯಲ್ಲಿ ಸಿಆರ್1632, ಪಕ್ಕದ ಟ್ರೇಯಲ್ಲಿ ಬದಲಿಸಬಹುದು. ಆರ್‌ಎಂಆರ್ ಟೈಪ್ 2ರಲ್ಲಿ ಸಿಆರ್2032 ಅಡಿಯಲ್ಲಿದೆ, ಸೈಟನ್ನೇ ಕಳಚಬೇಕು. ಮತ್ತೆ ಹಾಕುವಾಗ ಹೊಸದಾಗಿ ಲಾಕ್‌ಟೈಟ್, ಅದೇ ಟಾರ್ಕ್, ಆಮೇಲೆ ರೇಂಜಿನಲ್ಲಿ ಐದು ಗುಂಡು ಹೊಡೆದು ಝೀರೋ ಉಳಿದಿದೆಯೇ ಎಂದು ನೋಡಿ. ವರ್ಷಕ್ಕೊಮ್ಮೆ, ನೆನಪಿರುವ ಒಂದು ದಿನ, ಬ್ಯಾಟರಿ ಸಾಯುವ ಮೊದಲೇ ಬದಲಿಸಿಬಿಡಿ.