ಬರಿಯ ಬೋರ್ಡಿಗೂ ಸಿಇ ಗುರುತು ಬೇಕಾಯಿತು

ಮೋಟಾರು ನಿಯಂತ್ರಿಸುವ ಪುಟ್ಟ ಸರ್ಕ್ಯೂಟ್ ಬೋರ್ಡೊಂದನ್ನು ಯುರೋಪಿನಲ್ಲಿ ಮಾರಲು ಹೊರಟಾಗ, ಹೊರಕವಚವೇ ಇಲ್ಲದ ಬೋರ್ಡು ಬಿಡಿಭಾಗವಷ್ಟೇ, ಅದಕ್ಕೆ ಸಿಇ ಗುರುತಿನ, ಅಂದರೆ ಉತ್ಪನ್ನವು ಯುರೋಪಿನ ನಿಯಮಗಳಿಗೆ ಒಪ್ಪುತ್ತದೆಂದು ಸಾರುವ ಗುರುತಿನ, ಗೊಡವೆ ಇರುವುದಿಲ್ಲ ಎಂದು ನಾನು ನಂಬಿದ್ದೆ. ಒಂದು ಸಾಧನ ಇನ್ನೊಂದಕ್ಕೆ ಅಡಚಣೆ ಮಾಡದಿರುವ ವಿದ್ಯುತ್ಕಾಂತೀಯ ಹೊಂದಾಣಿಕೆಗೆ ಸಂಬಂಧಿಸಿದ ಐರೋಪ್ಯ ಒಕ್ಕೂಟದ 2014/30 ನಿರ್ದೇಶನವನ್ನು ಕುಳಿತು ಓದಿದಾಗ ಆ ನಂಬಿಕೆ ಸುಳ್ಳಾಯಿತು. ಬೋರ್ಡನ್ನು ಕೊಂಡ ಕಾರ್ಖಾನೆಯು ಅದನ್ನು ತನ್ನ ಯಂತ್ರದೊಳಗೆ ಅಳವಡಿಸಿ ಮಾರಿದರೆ ಯಂತ್ರದ ಹೊಣೆ ಆ ಕಾರ್ಖಾನೆಯದು; ಆದರೆ ಬಳಕೆದಾರರೇ ಕೈಯಾರೆ ಜೋಡಿಸಿಕೊಳ್ಳಲೆಂದು ಮಾರಿದಾಗ, ಅಡಚಣೆ ಉಂಟುಮಾಡಬಲ್ಲ ಬೋರ್ಡನ್ನೇ ಒಂದು ಉಪಕರಣವೆಂದು ಕಾನೂನು ಪರಿಗಣಿಸುತ್ತದೆ. ನನ್ನ ಗಿರಾಕಿಗಳಲ್ಲಿ ಹೆಚ್ಚಿನವರು ಹೀಗೆ ಜೋಡಿಸಿಕೊಳ್ಳುವವರೇ ಆಗಿದ್ದರು.

ಬೋರ್ಡು 24 ವೋಲ್ಟ್ ಡಿಸಿಯಲ್ಲಿ ನಡೆಯುತ್ತಿದ್ದುದರಿಂದ, 75 ವೋಲ್ಟ್ ಡಿಸಿಯಿಂದ ಮೇಲಕ್ಕೆ ಅನ್ವಯಿಸುವ ಲೋ ವೋಲ್ಟೇಜ್ ನಿರ್ದೇಶನ ಅದಕ್ಕೆ ತಾಗಲಿಲ್ಲ. ಬೋರ್ಡಿನಲ್ಲಿ ರೇಡಿಯೊ ಇಲ್ಲದ್ದರಿಂದ ರೇಡಿಯೊ ಉಪಕರಣಗಳ ನಿಯಮವೂ ಬೇಕಿರಲಿಲ್ಲ.

ಲ್ಯಾಬಿನ ಮೊದಲ ಪರೀಕ್ಷೆಯಲ್ಲಿಯೇ ಬೋರ್ಡು ಸೋತಿತು. ವಸತಿ ಪ್ರದೇಶದ ಉಪಕರಣಗಳಿಗೆ ಇರುವ ವಿದ್ಯುತ್ಕಾಂತೀಯ ವಿಕಿರಣದ ಮಿತಿಯನ್ನು 125 ಮೆಗಾಹರ್ಟ್ಸ್‌ನಲ್ಲಿ ಅದು 6 ಡೆಸಿಬೆಲ್‌ನಷ್ಟು ಮೀರಿತ್ತು. ಮೋಟಾರಿನ ಕೇಬಲನ್ನು ಕಳಚಿದೊಡನೆ ತೆರೆಯ ಮೇಲಿನ ಆ ಗೆರೆ ಕುಸಿದುಬಿಟ್ಟಿತು. 125 ಎಂಬುದು ಚಿಪ್ಪಿಗೆ ತಾಳ ಕೊಡುವ ನಮ್ಮ 25 ಮೆಗಾಹರ್ಟ್ಸ್ ಕ್ಲಾಕಿನ ಐದನೆಯ ಹಾರ್ಮೋನಿಕ್, ಅಂದರೆ ಅದರ ಐದು ಪಟ್ಟು ಆವರ್ತನ. ಮೋಟಾರಿನ ಗದ್ದಲ ಒಳಗೆ ಬಾರದಿರಲಿ ಎಂದು ವಿದ್ಯುತ್ತು ಮರಳುವ ತಾಮ್ರದ ಪದರವಾದ ಗ್ರೌಂಡ್ ಪ್ಲೇನನ್ನು ನಾನೇ ಎರಡಾಗಿ ಸೀಳಿದ್ದೆ. ಕ್ಲಾಕಿನ ಟ್ರೇಸ್ (ಬೋರ್ಡಿನ ಮೇಲಿನ ತಾಮ್ರದ ಎಳೆ) ಆ ಸೀಳಿನ ಮೇಲೆ ಹಾದುಹೋಗುತ್ತಿದ್ದುದರಿಂದ ಮರಳುವ ವಿದ್ಯುತ್ತು ಸುತ್ತುಬಳಸಿ ಬರಬೇಕಾಗಿ, ಕೇಬಲ್ಲೇ ಆಂಟೆನಾದಂತೆ ವರ್ತಿಸುತ್ತಿತ್ತು. ಸೀಳನ್ನು ಮುಚ್ಚಿ, ಕ್ಲಾಕ್ ಹೊರಡುವ ಪಿನ್ನಿನ ಪಕ್ಕದಲ್ಲಿಯೇ 33 ಓಮ್ ರೆಸಿಸ್ಟರನ್ನು ಸರಣಿಯಲ್ಲಿ ಕೂರಿಸಿದ ಹೊಸ ಬೋರ್ಡು ಎರಡನೆಯ ಸುತ್ತಿನಲ್ಲಿ ಗೆದ್ದಿತು. ಕೇಬಲ್ಲಿಗೆ ಗದ್ದಲ ತಡೆಯುವ ಫೆರೈಟ್ ಉಂಗುರ ತೊಡಿಸಿ ಪಾರಾಗಬಹುದಿತ್ತು, ಆದರೆ ಕೇಬಲ್ ಗಿರಾಕಿಯದ್ದು; ಅವರು ಫೆರೈಟ್ ಹಾಕುತ್ತಾರೆಂದು ನೆಚ್ಚಿ ಸಹಿ ಮಾಡಲು ನನಗೆ ಮನಸ್ಸಾಗಲಿಲ್ಲ.

ಅಪಾಯಕಾರಿ ವಸ್ತುಗಳ ನಿರ್ಬಂಧವಾದ ರೋಹ್ಸ್‌ಗೆ ಪರೀಕ್ಷೆಗಿಂತ ಕಾಗದಪತ್ರವೇ ಹೆಚ್ಚು. ಸೀಸ ತೂಕದ 0.1 ಶೇಕಡಾವನ್ನೂ ಕ್ಯಾಡ್ಮಿಯಂ 0.01 ಶೇಕಡಾವನ್ನೂ ಮೀರಬಾರದು, ಅದೂ ಬೋರ್ಡಿನ ಒಟ್ಟು ತೂಕದಲ್ಲಲ್ಲ, ಪ್ರತಿಯೊಂದು ಏಕರೂಪದ ವಸ್ತುವಿನಲ್ಲಿ. ಕನೆಕ್ಟರ್ ಪೂರೈಕೆದಾರರು ಕಳುಹಿಸಿದ ಪತ್ರದಲ್ಲಿ ಆರು ವಸ್ತುಗಳಷ್ಟೇ ಇದ್ದವು. ಪ್ಲಾಸ್ಟಿಕ್ಕನ್ನು ಮೃದುವಾಗಿಸುವ ನಾಲ್ಕು ಥ್ಯಾಲೇಟ್‌ಗಳು ಸೇರಿ ಪಟ್ಟಿ ಹತ್ತಕ್ಕೇರಿದ ಮೇಲೂ ಅವರು ಹಳೆಯ ಪತ್ರವನ್ನೇ ಹಂಚುತ್ತಿದ್ದರು. ಹೊಸ ಪತ್ರ ಬರಲು ಮೂರು ವಾರ ಕಾಯಬೇಕಾಯಿತು.

ಸಿಇ ಗುರುತನ್ನು ಯಾವುದೋ ಕಚೇರಿ ಕೊಡುತ್ತದೆ ಎಂದು ಹಲವರು ತಿಳಿದಿದ್ದಾರೆ. ನನ್ನ ಬೋರ್ಡಿನಂಥವುಗಳಿಗೆ ತಯಾರಕರೇ ಅನುಸರಣೆಯ ಘೋಷಣೆಗೆ ಸಹಿ ಹಾಕಿ, ತಾಂತ್ರಿಕ ಕಡತವನ್ನು 10 ವರ್ಷ ಕಾಪಾಡಬೇಕು. 2021ರ ಜುಲೈ 16ರಿಂದ ಐರೋಪ್ಯ ಒಕ್ಕೂಟದೊಳಗೆ ಹೊಣೆ ಹೊರುವವರೊಬ್ಬರು ಇರುವುದೂ ಕಡ್ಡಾಯವಾಗಿದೆ. ಅಮೆರಿಕದ ಸಂವಹನ ಆಯೋಗವಾದ ಎಫ್‌ಸಿಸಿ ನಿಯಮದಲ್ಲಿಯೂ ಪೂರೈಕೆದಾರರ ಘೋಷಣೆಗೆ ಅಲ್ಲಿಯೇ ನೆಲೆಸಿದ ಹೊಣೆಗಾರರು ಬೇಕು. ಅಲ್ಲಿನ ಆಮದುದಾರರು ಪರೀಕ್ಷಾ ವರದಿಯನ್ನು ಪುಟಪುಟವಾಗಿ ನೋಡಿ, ಆ ಹೊಣೆಗೆ ಒಪ್ಪಿ ಸಹಿ ಮಾಡಿದ ಮೇಲೆಯೇ ನಾನು ಅಲ್ಲಿಗೆ ಮೊದಲ ಪೆಟ್ಟಿಗೆಯನ್ನು ಕಳುಹಿಸಿದೆ.