ಗೆರಟೆ ಇದ್ದಿಲು, ಹಟ್ಟಿಯ ಗಂಜಲ: ನಾನು ಬಯೋಚಾರ್ ಮಾಡುವ ಕ್ರಮ

ನಮ್ಮ ಹಿತ್ತಿಲು ಹಿರಿಯಡ್ಕದ ಕಡೆ, ಮುರಕಲ್ಲಿನ ಮೇಲೆ ಇದೆ. ಉಡುಪಿಯ ಮಳೆ ಗೊತ್ತಲ್ವಾ, ವರ್ಷಕ್ಕೆ ಸುಮಾರು 4,000 ಮಿಲಿಮೀಟರ್. ಅದರಲ್ಲಿ ಹೆಚ್ಚಿನದೆಲ್ಲ ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಮುಗಿಯುತ್ತದೆ. ಹಾಕಿದ ಗೊಬ್ಬರದ ಸತ್ವ ಆಟಿ ತಿಂಗಳು (ಜುಲೈ-ಆಗಸ್ಟ್) ಕಳೆಯುವುದರೊಳಗೆ ತೋಡು ಸೇರುತ್ತದೆ. ಸುಣ್ಣ, ಪೊಟ್ಯಾಷ್ ತೊಳೆದುಹೋಗಿ ಹುಳಿ ಮಣ್ಣು ಉಳಿಯುತ್ತದೆ. ಇಂಥ ಮಣ್ಣಿಗೆ ಇನ್ನಷ್ಟು ಗೊಬ್ಬರ ಸುರಿದರೆ ಸಾಲದು, ಹಾಕಿದ್ದನ್ನು ಹಿಡಿದಿಡುವ ಏನಾದರೂ ಬೇಕು. ಅದಕ್ಕೇ ಬಯೋಚಾರ್, ಅಂದರೆ ಮಣ್ಣಿಗೆ ಸೇರಿಸಲೆಂದೇ ಮಾಡುವ ಇದ್ದಿಲು.

ಸುಡುಮಣ್ಣು ನಮ್ಮವರಿಗೆ ಹೊಸದಲ್ಲ. ತರಗೆಲೆ ರಾಶಿ ಮಾಡಿ, ಮಣ್ಣು ಮುಚ್ಚಿ, ನಿಧಾನಕ್ಕೆ ಸುಟ್ಟು ಮಲ್ಲಿಗೆ ಬುಡಕ್ಕೆ ಹಾಕುತ್ತಾರೆ. ಒಳ್ಳೆಯದೇ. ಆದರೆ ಬೂದಿಯ ಸತ್ವ ಬೇಗ ಕರಗಿ ಹೋಗುತ್ತದೆ. ಇದ್ದಿಲು ಮಾತ್ರ ಮಣ್ಣಲ್ಲಿ ತುಂಬಾ ಕಾಲ ಉಳಿಯುತ್ತದೆ. ಅಮೆಜಾನ್ ಕಾಡಿನಲ್ಲಿ ಹಿಂದಿನವರ ಇದ್ದಿಲು ಬೆರೆತ ಕಪ್ಪು ಮಣ್ಣು ನೂರಾರು ವರ್ಷಗಳ ನಂತರವೂ ಫಲವತ್ತಾಗಿಯೇ ಇದೆ.

ಸುಡುವ ಕೆಲಸ ಫೆಬ್ರವರಿ, ಮಾರ್ಚ್‌ನಲ್ಲಿ. ಗೆರಟೆ, ಕೊತ್ತಳಿಗೆ, ಸವರಿದ ಗೇರು ಮರದ ಗೆಲ್ಲು, ಇವಿಷ್ಟೇ ನನ್ನ ಸಾಮಾನು. ಎಲ್ಲ ಚೆನ್ನಾಗಿ ಒಣಗಿರಬೇಕು. ಬಣ್ಣ ಬಳಿದ ಮರ, ಪ್ಲಾಸ್ಟಿಕ್ ಯಾವತ್ತೂ ಬೇಡ. ಮೇಲೆ ನಾಲ್ಕಡಿ ಅಗಲ, ತಳಕ್ಕೆ ಹೋದಂತೆ ಕಿರಿದಾಗುವ, ಎರಡೂವರೆ ಅಡಿ ಆಳದ ಹೊಂಡ ಸಾಕು. ನಮ್ಮ ಕಲ್ಲಿನಲ್ಲಿ ಅಷ್ಟು ತೋಡುವುದೇ ದೊಡ್ಡ ಕೆಲಸ, ಪಿಕಾಸಿ ಬೇಕೇ ಬೇಕು.

ಬೆಂಕಿ ಕೊಡುವುದು ರಾಶಿಯ ಮೇಲಿನಿಂದ. ಉರಿ ಮೇಲೆಯೇ ಇದ್ದರೆ ಒಳಗೆ ಬರುವ ಗಾಳಿಯನ್ನೆಲ್ಲ ಅದೇ ತಿಂದುಬಿಡುತ್ತದೆ. ಕೆಳಗಿನ ಕೆಂಡಕ್ಕೆ ಗಾಳಿ ಸಿಗದೆ ಅದು ಬೂದಿಯಾಗದೆ ಇದ್ದಿಲಾಗಿಯೇ ಉಳಿಯುತ್ತದೆ. ಕೆಂಡದ ಮೇಲೆ ಬಿಳಿ ಬೂದಿಯ ಪದರ ಕಾಣಿಸತೊಡಗಿದರೆ ಮುಂದಿನ ಸುತ್ತು ಕಟ್ಟಿಗೆ ಹಾಕುತ್ತೇನೆ. ತಡ ಮಾಡಿದರೆ ಬೂದಿ, ಅವಸರಕ್ಕೆ ಒಟ್ಟಿಗೇ ಸುರಿದರೆ ಹೊಗೆ. ದಟ್ಟ ಹೊಗೆ ಬಂತೆಂದರೆ ಕಟ್ಟಿಗೆ ಹಸಿ ಇದೆ, ಇಲ್ಲವೇ ಜಾಸ್ತಿ ಆಗಿದೆ. ಹೊಂಡ ತುಂಬಿದ ಮೇಲೆ ನೀರು. ಕೊಡಗಟ್ಟಲೆ ಬೇಕು, ಅದಕ್ಕೇ ಬಾವಿಯ ಪೈಪು ಮೊದಲೇ ಎಳೆದಿಟ್ಟುಕೊಳ್ಳಿ. ಮೇಲೆ ಆರಿದಂತೆ ಕಂಡರೂ ತಳದಲ್ಲಿ ಕೆಂಡ ಇರುತ್ತದೆ. ಕೋಲಿನಿಂದ ಕೆದಕಿ, ಮತ್ತೆ ಹೊಯ್ದು, ರಾತ್ರಿಯಿಡೀ ಒದ್ದೆಯಾಗಿ ಬಿಡಬೇಕು.

ಸರಿಯಾಗಿ ಸುಟ್ಟ ಇದ್ದಿಲು ಒಣಗಿದ ಮೇಲೆ ಗಾಜಿನಂತೆ ಠಣ್ ಎನ್ನುತ್ತದೆ. ಕೈಗೆ ಹತ್ತಿದ ಮಸಿ ಬರೀ ನೀರಿಗೆ ಹೋಗುತ್ತದೆ. ಜಿಡ್ಡು ಹತ್ತಿದರೆ ಅದು ಅರೆ ಸುಟ್ಟದ್ದು, ಮುಂದಿನ ಸಲದ ಹೊಂಡಕ್ಕೆ. ಪುಡಿ ಮಾಡುವುದು ಒದ್ದೆ ಇರುವಾಗಲೇ, ಗೋಣಿಯೊಳಗೆ ಹಾಕಿ. ಒಣಗಿದ್ದನ್ನು ಕುಟ್ಟಿದರೆ ದೂಳು ಮೂಗಿಗೆ, ಎದೆಗೆ ಇಳಿಯುತ್ತದೆ. ಕಡಲೆ ಕಾಳಿನಷ್ಟು ಸಣ್ಣ ಆದರೆ ಸಾಕು, ಹಿಟ್ಟು ಮಾಡುವುದೇನೂ ಬೇಡ.

ಹೆಚ್ಚಿನವರು ಇಲ್ಲಿಗೇ ಮುಗಿಯಿತು ಅಂದುಕೊಳ್ಳುತ್ತಾರೆ. ನನ್ನ ಪ್ರಕಾರ ಅರ್ಧ ಕೆಲಸ ಬಾಕಿ ಇದೆ. ಬರೀ ಇದ್ದಿಲಿನಲ್ಲಿ ಗಿಡಕ್ಕೆ ಆಹಾರ ಹೆಚ್ಚೇನೂ ಇಲ್ಲ, ಸಣ್ಣ ಸಣ್ಣ ತೂತು ಮಾತ್ರ. ಹಸಿದ ಇದ್ದಿಲನ್ನು ಹಾಗೇ ಬುಡಕ್ಕೆ ಹಾಕಿದರೆ ಮಣ್ಣಿನಲ್ಲಿರುವ ಸಾರಜನಕವನ್ನು ಮೊದಲು ಅದೇ ಎಳೆದುಕೊಂಡು ಎಲೆ ಹಳದಿಯಾಗಬಹುದು. ಆದ್ದರಿಂದ ಮೊದಲು ಅದರ ಹೊಟ್ಟೆ ತುಂಬಿಸಬೇಕು.

ಇದಕ್ಕೆ ಹಟ್ಟಿಗಿಂತ ಒಳ್ಳೆಯ ಜಾಗ ಇಲ್ಲ. ದನಕ್ಕೆ ಸೊಪ್ಪು ಹಾಸುವ ಮುಂಚೆ ಗಂಜಲ ನಿಲ್ಲುವ ಕಡೆ ಒದ್ದೆ ಇದ್ದಿಲು ಪುಡಿ ಹರಡುತ್ತೇನೆ. ಗಂಜಲ ಅದಕ್ಕೆ ಇಳಿಯುತ್ತದೆ, ಮೂಗಿಗೆ ಹೊಡೆಯುವ ವಾಸನೆ ಕಡಿಮೆಯಾಗುತ್ತದೆ. ಆಮೇಲೆ ಸೊಪ್ಪು, ಸಗಣಿ ಜೊತೆಗೆ ಅದೂ ಗೊಬ್ಬರದ ಗುಂಡಿಗೆ ಹೋಗುತ್ತದೆ. ದನ ಇಲ್ಲದವರು ಒಂದು ಬಕೆಟ್ ಇದ್ದಿಲಿಗೆ ಒಂದು ಬಕೆಟ್ ಸಗಣಿ ಬಗ್ಗಡ ಅಥವಾ ಗೋಬರ್ ಗ್ಯಾಸ್ ಸ್ಲರಿ, ಒಂದೆರಡು ಹಿಡಿ ನೆಲಗಡಲೆ ಹಿಂಡಿ ಕಲಸಿ, ಗೋಣಿ ಮುಚ್ಚಿ ನೆರಳಲ್ಲಿ ಮೂರ್ನಾಲ್ಕು ವಾರ ಇಡಲಿ. ವಾರಕ್ಕೊಮ್ಮೆ ತಿರುವಿದರಾಯಿತು.

ಪತ್ತನಾಜೆಯ ಹೊತ್ತಿಗೆ, ಅಂದರೆ ಮೇ ಕೊನೆಗೆ, ಮಣ್ಣಿಗೆ ಸೇರಿಸುತ್ತೇನೆ, ಬೇರು ಓಡಾಡುವ ಆಳಕ್ಕೆ. ಮೇಲೆ ಸುಮ್ನೆ ಉದುರಿಸಿದರೆ ಮೊದಲ ಮಳೆಗೇ ತೇಲಿ ಹೋಗುತ್ತದೆ. ಚಟ್ಟಿಗಾದರೆ ಹತ್ತು ಪಾಲು ಮಣ್ಣಿಗೆ ಒಂದು ಪಾಲು, ಅದಕ್ಕಿಂತ ಜಾಸ್ತಿ ಬೇಡ. ಫಸಲು ದುಪ್ಪಟ್ಟಾಗುತ್ತದೆ ಎನ್ನುವವರ ಮಾತು ನಾನು ನಂಬುವುದಿಲ್ಲ. ನಮ್ಮಲ್ಲಿ ಕಂಡದ್ದು ಇಷ್ಟು: ಬಸಳೆ, ಅಲಸಂಡೆ ಸಾಲಿನ ಮಣ್ಣು ಬೇಸಿಗೆಯಲ್ಲಿ ಮೊದಲಿನಷ್ಟು ಬೇಗ ಒಣಗುವುದಿಲ್ಲ, ಮಳೆಗಾಲದ ನಡುವೆ ಮತ್ತೆ ಗೊಬ್ಬರ ಕೊಡುವ ಕೆಲಸವೂ ಕಡಿಮೆಯಾಗಿದೆ.

ಇದ್ದಿಲಿಗೆ ಕ್ಷಾರ ಗುಣ ಇದೆ. ನಮ್ಮ ಹುಳಿ ಮಣ್ಣಿಗೆ ಅದು ಒಳ್ಳೆಯದೇ, ಆದರೆ ಹುಳಿ ಮಣ್ಣೇ ಹಿಡಿಸುವ ಕೇಪುಳ, ಅನಾನಸಿನ ಬುಡಕ್ಕೆ ನಾನು ಹಾಕುವುದಿಲ್ಲ. ಮೊದಲೇ ಸುಣ್ಣ ಹಾಕಿದ ಜಾಗವಾದರೆ ಮಣ್ಣು ಪರೀಕ್ಷೆ ಮಾಡಿಸಿಕೊಂಡು ಮುಂದುವರಿಯಿರಿ.

ಹೊಂಡ ತೋಡಲು ಜಾಗ ಇಲ್ಲದವರಿಗೆ ಬಚ್ಚಲೊಲೆ ಸಾಕು. ಹಂಡೆಯ ನೀರು ಕಾದ ಮೇಲೆ ಗೆರಟೆ ಕೆಂಡವನ್ನು ಬೂದಿಯಾಗಲು ಬಿಡದೆ ಹೊರಗೆಳೆದು ನೀರಿನ ಬಕೆಟ್ಟಿಗೆ ಹಾಕಿ. ದಿನಕ್ಕೆ ಸಿಗುವುದು ಸ್ವಲ್ಪವೇ, ಆದರೆ ನಾಲ್ಕಾರು ಚಟ್ಟಿಗೆ ಬೇಕಾದಷ್ಟು ಬೇಗ ಕೂಡಿಬರುತ್ತದೆ.